ಗುಡ್ಡದಿಂದ ಕಂಡ ಹೊಗೆ

“ಗುರುಗಳೇ, ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ದಿನವೂ ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಹಾಗಿದ್ದೂ ಕಾಡಿನ ಜನ ಬೇರೆಯಾಗಿಯೇ ಉಳಿದಿದ್ದಾರೆ. ಅವರು ಈ ನಾಡಿನವರಾಗುವುದು ಯಾವಾಗ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರು. ಅಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಮಣ್ಣಾಗುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚುತ್ತಿರಲಿಲ್ಲ. ಮೇಲಿನ ಗುಡ್ಡದಲ್ಲಿ ಕಾಡಿನವರ ಗುಡಿಸಲುಗಳು, ಹಾಡಿ ಎನ್ನುತ್ತಾರೆ. ಊರಿಗಿಂತ ಹಳೆಯದು. ಊರಿನ ಸಾವಿಗೆ ಹಾಡಿಯವರೂ ಒಲೆ ಹಚ್ಚುತ್ತಿರಲಿಲ್ಲ. ಊರ ಯಜಮಾನ ಗೌಡನ ತಾಯಿ ಹೋದಾಗ ದೂರದ ಮಗಳು ಬರಲೆಂದು ಹೆಣ ಇಟ್ಟುಕೊಂಡು ಕಾದರು. ಅಂದು ಹಾಡಿಯ ಮಕ್ಕಳು ಹಸಿ ಗೆಣಸು ಕಡಿದು ಮಲಗಿದವು.

ಮುಂದೊಂದು ಸುಗ್ಗಿಯಲ್ಲಿ ಹಾಡಿಯ ಒಬ್ಬನ ಮಗಳು ಜ್ವರ ಬಂದು ತೀರಿಕೊಂಡಳು. ಒಬ್ಬಳೇ ಮಗಳು. ಹೆಂಡತಿ ಅಳುತ್ತ ಒಂದೇ ಮಾತು ಹೇಳಿದಳು. “ನಮ್ಮ ಕೂಸಿಗೂ ಊರು ಒಲೆ ಹಚ್ಚದೆ ಇರಲಿ. ಅವಳು ಹುಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಹೋದದ್ದಾದರೂ ಗೊತ್ತಾಗಲಿ.”

ಬೆಳಕು ಹರಿಯುವಾಗ ಅವನು ಇಳಿದು ಹೋಗಿ ಗೌಡನ ಅಂಗಳದಲ್ಲಿ ನಿಂತು ಕೇಳಿಕೊಂಡ.

“ಅಯ್ಯೋ ಪಾಪವೇ,” ಎಂದ ಗೌಡ. ಅವನ ಕರುಳೂ ಚುರುಕ್ಕೆಂದದ್ದು ನಿಜ. “ನೀವು ನಮ್ಮವರಲ್ಲ ಅಂತ ಯಾರಂದರಪ್ಪ? ಆದರೆ ಕಣದ ತುಂಬ ಆಳುಗಳಿದ್ದಾರೆ. ಕಾಡಿನ ಸಾವಿಗೆಲ್ಲ ಊರು ಉಪವಾಸ ಬಿದ್ದರೆ ಸುಗ್ಗಿ ಮಾಡುವವರು ಯಾರು, ಕಾಡುಹಂದಿಗಳೇ?”

“ಊರೆಲ್ಲ ಬೇಡ ಬುದ್ಧೀ. ನಿಮ್ಮದೊಂದು ಒಲೆ ಸಾಕು. ಮಣ್ಣು ಮಾಡುವ ತನಕ.”

“ನೋಡೋಣ, ಹೋಗು.”

ಆ ‘ನೋಡೋಣ’ವನ್ನೇ ಪಂಚೆಯ ಅಂಚಿಗೆ ಗಂಟು ಹಾಕಿಕೊಂಡವನಂತೆ ಅವನು ಗುಡ್ಡ ಹತ್ತಿದ. ಗುಂಡಿ ತೋಡಿದ. ಮಗಳನ್ನು ಇಳಿಸಿ ಒಮ್ಮೆ ಕೆಳಗೆ ಊರಿನತ್ತ ನೋಡಿದ. ಊರ ಹೆಂಚುಗಳ ಮೇಲೆ ಹೊಗೆ ಎದ್ದಿತ್ತು. ಎಲ್ಲಕ್ಕಿಂತ ದಟ್ಟವಾಗಿ ಎದ್ದದ್ದು ಗೌಡನ ಮನೆಯ ಮೇಲೆ.

“ಹಚ್ಚಿಲ್ಲ ಅಲ್ಲವಾ?” ಎಂದಳು ಹೆಂಡತಿ. ಅತ್ತು ಅತ್ತು ಅವಳ ಕಣ್ಣು ಬಾತುಹೋಗಿತ್ತು.

“ಹಚ್ಚಿಲ್ಲ.”

“ಮತ್ತೆ ಅಲ್ಲಿ ಬೆಳ್ಳಗೆ ಕಾಣೋದು?”

“ಮಂಜು,” ಎಂದು ಅವನು ಮೊದಲ ಹಿಡಿ ಮಣ್ಣು ಹಾಕಿದ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಕಣ್ಣೊರೆಸಿಕೊಂಡು, “ಎಂಥ ಕಲ್ಲೆದೆ ಗುರುಗಳೇ ಆ ಗೌಡನದು,” ಎಂದ.

ಗುರುಗಳು ಕೇಳಿದರು, “ಬೆಳಿಗ್ಗೆ ನಮ್ಮ ಗುಡ್ಡದ ಹಾಡಿಯಿಂದಲೂ ಸಾವಿನ ತಮಟೆ ಕೇಳಿಸಿತಲ್ಲ ಮಗು, ನೀನು ಉಂಡೇ ಬಂದೆಯಾ?”