ಹೆಸರಿಟ್ಟ ಮೇಲೆ ಕಾಣೆಯಾದ ಮಗು

ಜ್ವರ ಬಂದ ಕೂಸನ್ನು ನೋಡಿ ಮಕ್ಕಳ ಆಸ್ಪತ್ರೆಯ ಕಂಪ್ಯೂಟರು, "ಶ್ರಾವಣಿ ಎಂಬ ಮಗುವನ್ನು ನಾನು ಕಂಡೇ ಇಲ್ಲ" ಎಂದಿತು.

ಪಕ್ಕದ ತೂಕದ ಯಂತ್ರಕ್ಕೆ ಗಲಿಬಿಲಿಯಾಯಿತು. "ಹುಟ್ಟಿದ ಕೂಡಲೇ ಇವಳನ್ನು ಇಲ್ಲಿಗೇ ತಂದಿದ್ದರಲ್ಲ! ಆಗಿನ್ನೂ ಹೆಸರಿಟ್ಟಿರಲಿಲ್ಲ. ನೀಲವ್ವನ ಮಗು ಅಂತ ನೀನೇ ಬರೆದುಕೊಂಡೆ. ಒಂದು ಔಷಧಿ ಕೊಟ್ಟಾಗ ಮೈಯೆಲ್ಲ ಊದಿತ್ತು."

"ಆ ಔಷಧಿ ಒಗ್ಗದ್ದು ನೀಲವ್ವನ ಮಗುವಿಗೆ. ಶ್ರಾವಣಿಗೆ ಅಂಥ ತೊಂದರೆಯೇನೂ ಇಲ್ಲ."

"ಹಾಗಾದರೆ ನೀಲವ್ವನ ಮಗು ಈಗೆಲ್ಲಿದೆ?"

"ನನ್ನಲ್ಲೇ ಇದೆ. ಇನ್ನೂ ಕಣ್ಣು ಬಿಟ್ಟಿಲ್ಲ."

ಅಷ್ಟರಲ್ಲಿ ನರ್ಸ್ ಅದೇ ಔಷಧಿ ತಂದಳು. ಇದನ್ನೆಲ್ಲ ಕೇಳುತ್ತಿದ್ದ ತಾಯಿ ನೀಲವ್ವ ಮಗುವಿಗೆ ಸೆರಗು ಮುಚ್ಚಿದಳು.

"ಸಿಸ್ಟರ್, ಹೆಸರಿಟ್ಟಿದ್ದೇ ತಪ್ಪಾತೇನ್ರಿ? ಹಂಗಿದ್ರ ಆ ಹೆಸರು ವಾಪಸ್ ತಗೋತೀನ್ರಿ. ನೀಲವ್ವನ ಮಗು ಅಂತನ ಬರ್ಕೊಳ್ರಿ."