ಮೂರು ಕೆಂಪು ಶಾಲು

ಶಿಷ್ಯ ಕೇಳಿದ: "ಗುರುಗಳೇ, ಅಯೋಗ್ಯನೊಬ್ಬ ಗೆದ್ದನೆಂದು ಜನ ಇಷ್ಟೇಕೆ ಗೋಳಾಡುತ್ತಾರೆ? ಐದು ವರ್ಷವಾದ ಮೇಲೆ ಇಳಿಸಿದರಾಯಿತಲ್ಲ?"

ಗುರು ಹೇಳಿದರು:

ಒಂದು ಪಟ್ಟಣದ ಜನ ಐದು ವರ್ಷಕ್ಕೊಮ್ಮೆ ತಮಗೆ ಬೇಕಾದವನ ಮಡಕೆಗೆ ಹುಣಸೆಬೀಜ ಹಾಕಿ ಯಜಮಾನನನ್ನು ಆರಿಸುತ್ತಿದ್ದರು. ವ್ಯಾಜ್ಯ ತೀರಿಸಲು ಪ್ರತಿ ಸೋಮವಾರ ಕಟ್ಟೆಯ ಮೇಲೆ ಐವರು ಪಂಚರು ಕೂರುತ್ತಿದ್ದರು. ಅವರದೇ ಕೊನೆಯ ಮಾತು. ಅವರನ್ನು ಜನ ಆರಿಸುತ್ತಿರಲಿಲ್ಲ, ಇಳಿಸುವಂತೆಯೂ ಇರಲಿಲ್ಲ. ಪಂಚನೊಬ್ಬ ಸತ್ತರೆ, ಆಗಿನ ಯಜಮಾನ ತನಗೆ ಸರಿಕಂಡವನಿಗೆ ಕೆಂಪು ಶಾಲು ಹೊದಿಸಿ ಆ ಜಾಗದಲ್ಲಿ ಕೂರಿಸುತ್ತಿದ್ದ.

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಬೀಜ ಹಾಕುವ ದಿನ ಅವನು ಬೀದಿಯಲ್ಲಿ ನೂಲು ಹಾಸಿ ಗಂಜಿ ಸವರಿದ್ದ. ಒಣಗುವ ಮೊದಲು ಕುಂಚ ಎಳೆಯಬೇಕು, ಇಲ್ಲದಿದ್ದರೆ ಎಳೆಗಳು ಅಂಟಿಕೊಳ್ಳುತ್ತವೆ.

"ಕುಂಚ ನಾನು ಎಳೀತೀನಿ, ನೀವು ಹೋಗಿ ಬೀಜ ಹಾಕಿ ಬನ್ನಿ. ಯಜಮಾನನಾಗೋಕೆ ನಿಂತಿರೋ ಆ ಮನುಷ್ಯ ಸರಿಯಿಲ್ಲ, ಅವನು ಗೆಲ್ಲಬಾರದು," ಎಂದಳು ಹೆಂಡತಿ.

"ಐದು ವರ್ಷ ತಾನೇ ಮಾರಾಯ್ತಿ. ಅಷ್ಟರಲ್ಲಿ ಊರನ್ನೇ ಹೊತ್ಕೊಂಡು ಹೋಗ್ತಾನಾ?"

ಆ ಮನುಷ್ಯ ಹನ್ನೊಂದು ಬೀಜಗಳ ಅಂತರದಿಂದ ಗೆದ್ದ. ಆ ದಿನ ಬೀಜ ಹಾಕಲು ಹೋಗದೆ ಗಂಜಿ ಸವರಿ ಕೂತಿದ್ದ ನೇಕಾರರು ನಲವತ್ತು ಮಂದಿ.

ಅವನು ಊರನ್ನು ಹೊತ್ತುಕೊಂಡು ಹೋಗಲಿಲ್ಲ. ಒಂದು ಬಾವಿ ತೋಡಿಸಿದ, ನೀರು ಬರಲಿಲ್ಲ. ಐದನೆಯ ವರ್ಷ ಜನ ಅವನನ್ನು ಇಳಿಸಿ, ತಮ್ಮ ಬುದ್ಧಿಗೆ ತಾವೇ ತಲೆದೂಗಿದರು. ಆದರೆ ಆ ಐದು ವರ್ಷಗಳಲ್ಲಿ ಮೂವರು ಪಂಚರು ಸತ್ತಿದ್ದರು. ಮೂರು ಶಾಲುಗಳನ್ನು ನೇಯ್ದವನು ಇದೇ ನೇಕಾರ. "ಅಂಚು ಗಟ್ಟಿಯಾಗಿರಲಿ. ಹೊದೆಯುವವರಿಗೆ ಇನ್ನೂ ಮೂವತ್ತಾಗಿಲ್ಲ," ಎಂದಿದ್ದ ಯಜಮಾನನ ಕಡೆಯವನು. ಕೆಲಸ ಸಿಕ್ಕಿದ ಸಂತೋಷಕ್ಕೆ ನೇಕಾರ ಅಂಚಿಗೆ ಎರಡೆಳೆ ನೂಲು ಹಾಕಿದ.

ಇಪ್ಪತ್ತು ವರ್ಷ ಕಳೆಯಿತು. ನೇಕಾರನ ಕಣ್ಣು ಮಂಜಾಯಿತು. ಒಬ್ಬಳೇ ಮಗಳು ಮಗ್ಗದಲ್ಲಿ ಕೂತು ಮನೆ ನಡೆಸುತ್ತಿದ್ದಳು. ಅವನು ಮಗ್ಗವನ್ನು ಅವಳ ಹೆಸರಿಗೆ ಬರೆಯಲು ಹೊರಟಾಗ ಅಣ್ಣನ ಮಗ ತಕರಾರು ತೆಗೆದು ಕಟ್ಟೆಗೆ ದೂರು ಕೊಟ್ಟ. ನೇಕಾರ ಹೆದರಲಿಲ್ಲ. ಮಗ್ಗ ನೇಯುವವರದ್ದು ಎಂದು ಕಟ್ಟೆ ಅವನ ತಾತನ ಕಾಲದಲ್ಲೇ ತೀರ್ಮಾನಿಸಿತ್ತು.

ಪಂಚರಲ್ಲಿ ಇಬ್ಬರು ಹಾಗೆಯೇ ಹೇಳಿದರು. ಉಳಿದ ಮೂವರು, ಹಳೆಯ ತೀರ್ಮಾನವೇ ತಪ್ಪು, ಹೆಣ್ಣಿಗೆ ಮಗ್ಗದ ಹಕ್ಕಿಲ್ಲ ಎಂದರು. ಮೂವರ ಮಾತು ನಿಂತಿತು. ಮಗಳು ತಂದೆಯ ಕೈ ಹಿಡಿದು ಕಟ್ಟೆಯ ಬಳಿಯಿಂದ ಕರೆದುಕೊಂಡು ಹೊರಟಳು.

"ಆ ಮೂವರ ಶಾಲು ಹೇಗಿತ್ತಮ್ಮ?" ಎಂದು ಕೇಳಿದ ನೇಕಾರ.

"ಹೊಸದರ ಹಾಗೇ ಇದೆ ಅಪ್ಪಾ. ಒಂದೆಳೆಯೂ ಬಿಟ್ಟಿಲ್ಲ."

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ಯಜಮಾನ ಈಗ ಎಲ್ಲಿದ್ದಾನೆ?"

"ಸತ್ತು ಹನ್ನೆರಡು ವರ್ಷವಾಯಿತು, ಸೋಮವಾರದ ತೀರ್ಪು ಮಾತ್ರ ಈಗಲೂ ಅವನೇ ಕೊಡುತ್ತಾನೆ," ಎಂದರು ಗುರು.