ಧವಳೆ ಕಣಿವೆ ದಾಟಿದ್ದು

ಹಿಮಾಲಯದ ಆಚೆಯಿಂದ ಚಳಿಗಾಲ ಕಳೆಯಲು ಬಯಲುಸೀಮೆಯ ಕೆರೆಗೆ ಬಂದಿದ್ದ ಹೆಬ್ಬಾತುಗಳ ಹಿಂಡಿನಲ್ಲಿ ಧವಳೆ ಎಂಬ ಹೆಣ್ಣು ಹೆಬ್ಬಾತು ಇತ್ತು. ಸಂಗಾತಿಗಳು ಶೇಂಗಾ ಹೊಲದಲ್ಲಿ ಹಾಯಾಗಿ ಮೇಯುತ್ತಿದ್ದರೆ, ಅದು ನಸುಕಿನಲ್ಲೇ ತಣ್ಣೀರಿಗಿಳಿದು ಎದುರುಗಾಳಿಗೆ ಈಜುತ್ತಿತ್ತು. ಆಮೇಲೆ ದಡದ ಗುಡ್ಡವನ್ನು ನಡೆದೇ ಹತ್ತಿ, ತುದಿಯಿಂದ ಹಾರಿ ಕೆರೆಯನ್ನು ಸುತ್ತುತ್ತಿತ್ತು.

ಒಂದು ದಿನ ಗುಡ್ಡ ಹತ್ತುವಾಗ ಧವಳೆ ಕಾಲು ಜಾರಿ, ಉರುಳಿ, ಕೆಸರಿಗೆ ಬಿತ್ತು. ಅಲ್ಲೇ ಮಲಗಿದ್ದ ಎಮ್ಮೆ ಕೇಳಿತು: "ರೆಕ್ಕೆಯಿದ್ದೂ ನಡೆಯುವುದೇಕೆ ತಂಗಿ? ಬಿಸಿಲೇರಿದರೆ ನೀರೂ ಬೆಚ್ಚಗಾಗುತ್ತದೆ. ಆಮೇಲೆ ಇಳಿಯಬಾರದೆ?"

"ಹಿಮದ ಕಣಿವೆಯಲ್ಲಿ ಬಿಸಿಲಿಗಾಗಿ ಕಾಯಲಾಗದು ಅಕ್ಕ," ಎಂದಿತು ಧವಳೆ. "ಬರುವಾಗ ಅಲ್ಲಿ ಗಾಳಿ ನನ್ನನ್ನು ಕೆಡವಿತು. ಅಣ್ಣ ನನಗಾಗಿ ಹಿಂದಿರುಗಿದ. ನಾನು ದಾಟಿದೆ, ಅವನು ದಾಟಲಿಲ್ಲ."

ಎಮ್ಮೆ ಎದ್ದು ದಾರಿ ಬಿಟ್ಟಿತು. ಧವಳೆ ಮೈಕೊಡವಿಕೊಂಡು ಗುಡ್ಡದ ಬುಡದಿಂದಲೇ ಮತ್ತೆ ಹತ್ತತೊಡಗಿತು.

ಬೇಸಿಗೆ ಹತ್ತಿರವಾದಾಗ ಹಿಂಡು ಉತ್ತರಕ್ಕೆ ಹೊರಟಿತು. ಕಣಿವೆಯ ಬಾಯಲ್ಲಿ ಹಿಮಗಾಳಿ ಬೀಸಿ ಎಲ್ಲರನ್ನೂ ಅಲ್ಲಿನ ಸರೋವರಕ್ಕೆ ಇಳಿಸಿತು. ಮಂಜುಗಡ್ಡೆಗಳ ನಡುವೆ ಈಜಿ, ಹಾರಲಾಗದ ಏರನ್ನು ನಡೆದೇ ಹತ್ತಿ, ಅವು ತುದಿ ಮುಟ್ಟಿ ಮತ್ತೆ ರೆಕ್ಕೆ ಬಿಚ್ಚಿದವು. ಸಾಲಿನ ಮುಂದೆ ಹಾರುತ್ತ ಗಾಳಿ ಸೀಳುತ್ತಿದ್ದ ಮುದಿ ಹೆಬ್ಬಾತಿಗೆ ದಮ್ಮು ಸಾಲದಾಯಿತು.

ಧವಳೆಗೂ ಎದೆ ಉರಿಯುತ್ತಿತ್ತು. ಆದರೂ ಯಾರೂ ಕರೆಯದೆಯೇ ಸಾಲಿನಿಂದ ಸರಿದು ಮುಂದೆ ಬಂದಿತು.

"ನನ್ನ ಬೆನ್ನಿಗೇ ಬನ್ನಿ ಅಜ್ಜ," ಎಂದಿತು. "ಇನ್ನು ಗಾಳಿ ನನಗಿರಲಿ."

ಅಂದು ಹಿಂಡಿನಲ್ಲಿ ಒಬ್ಬರೂ ಹಿಂದುಳಿಯಲಿಲ್ಲ.